ಹಳೆಯ ಮೈಕ್ರೋಸಾಫ್ಟ್ ಆಫೀಸ್‌ನಲ್ಲಿ ಆಬ್ಜೆಕ್ಟ್ ಸೇರಿಸಲು ಹೋದರೆ ಎರರ್: ಎಲ್ಲಿಂದ ಹುಡುಕಬೇಕು?

ವರ್ಡ್ ಫೈಲಿನ ನಡುವೆ ಒಂದು ಎಕ್ಸೆಲ್ ಪಟ್ಟಿ ಕೂರಿಸಬೇಕು. ಇನ್ಸರ್ಟ್‌ಗೆ ಹೋಗಿ ಆಬ್ಜೆಕ್ಟ್ ಒತ್ತಿದಿರಿ, ಫೈಲ್ ಆರಿಸಿದಿರಿ, ಓಕೆ ಕೊಟ್ಟಿರಿ. ಕರ್ಸರ್ ಅರ್ಧ ನಿಮಿಷ ಗಿರಗಿರ ತಿರುಗಿತು. ಕೊನೆಗೆ ಪಟ್ಟಿಯ ಬದಲು ಒಂದು ಬೂದು ಪೆಟ್ಟಿಗೆ ಬಂದು ಏನೋ ಬೈದು ಹೋಯಿತು. ಆಫೀಸ್ 2003, 2007, 2010, 2013 ಇವುಗಳಲ್ಲಿ ಕೆಲಸ ಮಾಡುವವರಿಗೆ ಇದು ಹೊಸದೇನಲ್ಲ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡುವುದು ವರ್ಡ್ ಅನ್ನೇ ತೆಗೆದು ಮತ್ತೆ ಹಾಕುವ ಕೆಲಸ. ಅರ್ಧ ದಿನ ಹೋಗುತ್ತದೆ, ಎರರ್ ಹಾಗೇ ಇರುತ್ತದೆ. ಏಕೆಂದರೆ ತಕರಾರು ವರ್ಡ್‌ನದ್ದಾಗಿರುವುದು ಕಡಿಮೆ. ವರ್ಡ್‌ಗೆ ಎಕ್ಸೆಲ್ ಪಟ್ಟಿ ಮಾಡಲು ಬರುವುದೇ ಇಲ್ಲ. ಅದು ಹಿಂದಿನಿಂದ ಎಕ್ಸೆಲ್ ಅನ್ನು ಕರೆದು, "ಇದನ್ನು ಸ್ವಲ್ಪ ಮಾಡಿಕೊಡು" ಅನ್ನುತ್ತದೆ. ಈ ಮಾತುಕತೆಯ ಏರ್ಪಾಡಿಗೆ ಓಎಲ್‌ಇ ಎಂದು ಹೆಸರು. ಕರೆಸಿಕೊಂಡವನು ಬರಲಿಲ್ಲ ಅಂದರೆ ಕರೆದವನ ಮುಖದಲ್ಲಿ ಎರರ್ ಕಾಣಿಸುತ್ತದೆ, ಅಷ್ಟೇ.

ಇನ್ನೊಂದು ಸಂಗತಿ ಮೊದಲೇ ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು. ಫೈಲಿನೊಳಗೆ ಕೂರಿಸಿದ ಆಬ್ಜೆಕ್ಟ್ ಎರಡು ತುಂಡುಗಳಾಗಿ ಉಳಿಯುತ್ತದೆ. ಒಂದು, ನಿಜವಾದ ಡೇಟಾ. ಇನ್ನೊಂದು, ಅದು ಹೇಗೆ ಕಾಣಬೇಕು ಅನ್ನುವ ಚಿತ್ರ. ಪುಟದಲ್ಲಿ ನಿಮಗೆ ಕಾಣುವುದು ಚಿತ್ರ ಮಾತ್ರ. ಡಬಲ್ ಕ್ಲಿಕ್ ಮಾಡಿದಾಗಷ್ಟೇ ಡೇಟಾ ಹೊರಗೆ ಬಂದು ಅದರ ಪ್ರೋಗ್ರಾಂ ಎದ್ದೇಳುತ್ತದೆ. ಹಾಗಾಗಿ "ಕಾಣುತ್ತದೆ, ಆದರೆ ತೆರೆಯುವುದಿಲ್ಲ" ಅನ್ನುವುದೂ "ಕಾಣುವುದೇ ಇಲ್ಲ" ಅನ್ನುವುದೂ ಬೇರೆ ಬೇರೆ ಕಾಯಿಲೆ.

ಎಲ್ಲಕ್ಕಿಂತ ಮೊದಲು, ಎರಡು ನಿಮಿಷದ ಪರೀಕ್ಷೆ

ಫೈಲಿನ ಒಂದು ಕಾಪಿ ಮಾಡಿಕೊಳ್ಳಿ. ಇನ್ನು ಮುಂದೆ ಏನೇ ಮಾಡಿದರೂ ಆ ಕಾಪಿಯ ಮೇಲೆ ಮಾಡಿ.

ಈಗ ವರ್ಡ್‌ನಲ್ಲಿ ಹೊಸ ಖಾಲಿ ಡಾಕ್ಯುಮೆಂಟ್ ತೆರೆಯಿರಿ. ಎಕ್ಸೆಲ್‌ನಲ್ಲಿ ನಾಲ್ಕು ಸಂಖ್ಯೆ ಬರೆದು ಒಂದು ಪುಟ್ಟ ಫೈಲ್ ಮಾಡಿ ಡೆಸ್ಕ್‌ಟಾಪ್‌ನಲ್ಲಿ ಉಳಿಸಿ, ಮುಚ್ಚಿ. ಅದನ್ನು ಖಾಲಿ ಡಾಕ್ಯುಮೆಂಟಿಗೆ ಸೇರಿಸಿ ನೋಡಿ.

ಸೇರಿತೇ? ಹಾಗಾದರೆ ಎರಡೂ ಪ್ರೋಗ್ರಾಂಗಳು ಚೆನ್ನಾಗಿವೆ. ತಪ್ಪು ನಿಮ್ಮ ಮೂಲ ಡಾಕ್ಯುಮೆಂಟಿನಲ್ಲಿದೆ, ಇಲ್ಲವೇ ಸೇರಿಸಲು ಹೊರಟ ಫೈಲಿನಲ್ಲಿದೆ. ಅದೇ ಪುಟ್ಟ ಫೈಲನ್ನು ಮೂಲ ಡಾಕ್ಯುಮೆಂಟಿಗೆ ಸೇರಿಸಿದರೆ ಯಾವುದು ಅಂತ ಗೊತ್ತಾಗುತ್ತದೆ. ಸೇರಲಿಲ್ಲವೇ? ಹಾಗಾದರೆ ಕಂಪ್ಯೂಟರಿನ ಕಡೆಯ ಸಮಸ್ಯೆ, ಡಾಕ್ಯುಮೆಂಟನ್ನು ಸುಮ್ನೆ ಕೆದಕಬೇಡಿ.

"ಆ ಪ್ರೋಗ್ರಾಂ ಇನ್‌ಸ್ಟಾಲ್ ಆಗಿಲ್ಲ ಅಥವಾ ಪ್ರತಿಕ್ರಿಯಿಸುತ್ತಿಲ್ಲ" ಎಂದು ಬರುತ್ತದೆ

ಜನ ಜಾಸ್ತಿ ನೋಡುವ ಎರರ್ ಇದೇ. ಈ ಆಬ್ಜೆಕ್ಟ್ ಮಾಡಿದ್ದು ಎಕ್ಸೆಲ್, ಅದು ಈ ಕಂಪ್ಯೂಟರಿನಲ್ಲಿ ಇಲ್ಲ ಅಥವಾ ಉತ್ತರ ಕೊಡುತ್ತಿಲ್ಲ, ಎಕ್ಸೆಲ್‌ನಲ್ಲಿ ತೆರೆದಿರುವ ಡಯಲಾಗ್ ಬಾಕ್ಸ್‌ಗಳನ್ನು ಮುಚ್ಚಿ ಅನ್ನುವ ಅರ್ಥದ ಉದ್ದನೆಯ ಸಂದೇಶ. ಎಲ್ಲರೂ ಮೊದಲ ಅರ್ಧ ಓದಿ "ಇದೆಯಲ್ಲಪ್ಪ, ಕಣ್ಣೆದುರಿಗೇ ಇದೆ" ಎಂದು ಸಿಟ್ಟಾಗುತ್ತಾರೆ. ಉತ್ತರ ಇರುವುದು ಕೊನೆಯ ಅರ್ಧದಲ್ಲಿ.

ನಾನೂ ಒಮ್ಮೆ ಇಡೀ ಮಧ್ಯಾಹ್ನ ಕಳೆದುಕೊಂಡಿದ್ದೇನೆ. ಎಕ್ಸೆಲ್ ರಿಪೇರಿ ಮಾಡಿದೆ, ಕಂಪ್ಯೂಟರ್ ಮರುಚಾಲೂ ಮಾಡಿದೆ, ಆಗ ಸರಿಯಾಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಎರರ್. ಕೊನೆಗೆ ವರ್ಡ್ ಕಿಟಕಿಯನ್ನು ಕೆಳಗಿಳಿಸಿದಾಗ ಕಂಡಿತು: ಅದರ ಹಿಂದೆ ಎಕ್ಸೆಲ್, ಅದರ ನಡುವೆ "ಬದಲಾವಣೆ ಉಳಿಸಬೇಕೇ?" ಎಂದು ಕೇಳುತ್ತಾ ನಿಂತ ಪುಟ್ಟ ಪೆಟ್ಟಿಗೆ. ನಾನೇ ಅರ್ಧಕ್ಕೆ ಬಿಟ್ಟು ಬಂದಿದ್ದೆ. ಆ ಪೆಟ್ಟಿಗೆಗೆ ಉತ್ತರ ಸಿಗುವ ತನಕ ಎಕ್ಸೆಲ್ ಬೇರೆ ಯಾರ ಮಾತನ್ನೂ ಕೇಳುವುದಿಲ್ಲ.

ಹಾಗಾಗಿ ಮೊದಲು ಆಲ್ಟ್ ಮತ್ತು ಟ್ಯಾಬ್ ಒತ್ತಿ ಎಲ್ಲ ಕಿಟಕಿಗಳನ್ನೂ ಒಮ್ಮೆ ನೋಡಿ. ಎಕ್ಸೆಲ್‌ನ ಯಾವುದಾದರೂ ಸೆಲ್ ಅರ್ಧ ತಿದ್ದಿದ ಸ್ಥಿತಿಯಲ್ಲಿ, ಒಳಗೆ ಕರ್ಸರ್ ಮಿನುಗುತ್ತಾ ಇದ್ದರೂ ಅದೇ ಕಥೆ. ಎಸ್ಕೇಪ್ ಒತ್ತಿ ಹೊರಬನ್ನಿ.

ಕಿಟಕಿ ಯಾವುದೂ ಕಾಣದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಹಳೆಯ ವಿಂಡೋಸ್‌ನಲ್ಲಿ ಪ್ರೊಸೆಸಸ್ ಟ್ಯಾಬ್, ಹೊಸದರಲ್ಲಿ ಡೀಟೇಲ್ಸ್ ಟ್ಯಾಬ್. ಎಕ್ಸೆಲ್ ಮುಚ್ಚಿದ್ದರೂ ಅಲ್ಲಿ ಅದರ ಹೆಸರು ಇದೆ ಅಂದರೆ ಹಿಂದಿನ ಸಲದ್ದು ಸತ್ತೂ ಸಾಯದೆ ಕೂತಿದೆ. ಅದನ್ನು ಎಂಡ್ ಮಾಡಬಹುದು. ಆದರೆ ಎಚ್ಚರ: ಉಳಿಸದೆ ಬಿಟ್ಟ ಎಕ್ಸೆಲ್ ಫೈಲ್ ನಿಜವಾಗಿ ತೆರೆದಿದ್ದರೆ ಅದರ ಕೆಲಸವೂ ಹೋಗುತ್ತದೆ.

ಇದರಿಂದಲೂ ಆಗಲಿಲ್ಲ ಅಂದರೆ ಎಕ್ಸೆಲ್‌ನ ಒಂದು ಟಿಕ್ ನೋಡಿ. 2003ರಲ್ಲಿ ಟೂಲ್ಸ್, ಆಪ್ಷನ್ಸ್, ಜನರಲ್. 2007ರಿಂದ ಈಚೆಗೆ ಎಕ್ಸೆಲ್ ಆಪ್ಷನ್ಸ್, ಅಡ್ವಾನ್ಸ್ಡ್, ಕೆಳಗೆ ಜನರಲ್ ಭಾಗ. "ಬೇರೆ ಅಪ್ಲಿಕೇಶನ್‌ಗಳನ್ನು ಕಡೆಗಣಿಸು" ಅನ್ನುವ ಅರ್ಥದ ಇಗ್ನೋರ್ ಸಾಲು ಅಲ್ಲಿದೆ. ಹೊಸ ಆವೃತ್ತಿಗಳಲ್ಲಿ ಅದರ ಜೊತೆ ಡಿಡಿಇ ಎಂಬ ಅಕ್ಷರಗಳೂ ಇರುತ್ತವೆ. ಟಿಕ್ ಇದ್ದರೆ ತೆಗೆಯಿರಿ. ಬೇರೆ ಪ್ರೋಗ್ರಾಂ ಕರೆದರೆ ಕಿವಿಗೊಡಬೇಡ ಎಂದು ಎಕ್ಸೆಲ್‌ಗೆ ನಾವೇ ಹೇಳಿಟ್ಟು, ಆಮೇಲೆ ಕೇಳುತ್ತಿಲ್ಲ ಅಂತ ಬೈಯುವುದು ಸರಿಯಲ್ಲ, ಅಲ್ವಾ?

ಸಂದೇಶದಲ್ಲಿ ಎಕ್ಸೆಲ್ ಬದಲು ಆಕ್ರೋಎಕ್ಸ್ಚ್ ಎನ್ನುವಂಥ ವಿಚಿತ್ರ ಹೆಸರು ಇದ್ದರೆ ನೀವು ಸೇರಿಸುತ್ತಿರುವುದು ಪಿಡಿಎಫ್, ಕರೆಗೆ ಬರಬೇಕಾದದ್ದು ಅಡೋಬಿ ರೀಡರ್. ರೀಡರ್ 10ರಿಂದ ಅದರಲ್ಲಿ ಪ್ರೊಟೆಕ್ಟೆಡ್ ಮೋಡ್ ಎಂಬ ಕಾವಲು ಬಂದಿದೆ. ಅದು ಆನ್ ಇದ್ದಾಗ ಈ ಸೇರಿಸುವ ಕೆಲಸ ಎಡವುತ್ತದೆ. ಎಡಿಟ್, ಪ್ರಿಫರೆನ್ಸಸ್‌ಗೆ ಹೋದರೆ ಅದರ ಟಿಕ್ ಸಿಗುತ್ತದೆ. ರೀಡರ್ 10ರಲ್ಲಿ ಜನರಲ್ ಅಡಿಯಲ್ಲಿ, ಮುಂದಿನವುಗಳಲ್ಲಿ ಸೆಕ್ಯೂರಿಟಿ ಎನ್‌ಹಾನ್ಸ್ಡ್ ಅಡಿಯಲ್ಲಿ. ಟಿಕ್ ತೆಗೆದು, ರೀಡರ್ ಮುಚ್ಚಿ, ಪಿಡಿಎಫ್ ಸೇರಿಸಿ. ಮುಗಿದ ಕೂಡಲೇ ಟಿಕ್ ಮತ್ತೆ ಹಾಕಿ. ಆ ಕಾವಲು ಇರುವುದು ಕೆಟ್ಟ ಪಿಡಿಎಫ್‌ಗಳಿಂದ ಕಂಪ್ಯೂಟರ್ ಉಳಿಸಲಿಕ್ಕೆ. ಇಲ್ಲಿ ನನ್ನ ಮನಸ್ಸಿನ ಮಾತು ಹೇಳುವುದಾದರೆ, ಓದಲಿಕ್ಕೆ ಮಾತ್ರ ಪಿಡಿಎಫ್ ಬೇಕು ಅಂದರೆ ಒಳಗೆ ಕೂರಿಸುವ ಬದಲು ಜೊತೆಗೆ ಬೇರೆ ಫೈಲಾಗಿ ಕಳಿಸಿಬಿಡಿ.

ಮತ್ತೆ, ಆ ಪ್ರೋಗ್ರಾಂ ನಿಜಕ್ಕೂ ಇಲ್ಲದೆಯೂ ಇರಬಹುದು. ವಿಸಿಯೊ ಎಂಬ ನಕ್ಷೆ ಬರೆಯುವ ಪ್ರೋಗ್ರಾಂನಲ್ಲಿ ಮಾಡಿದ ಚಿತ್ರ ವಿಸಿಯೊ ಇಲ್ಲದ ಕಂಪ್ಯೂಟರಿನಲ್ಲಿ ಕಾಣುತ್ತದೆ, ಆದರೆ ತಿದ್ದಲು ತೆರೆಯುವುದಿಲ್ಲ. ಅದು ದೋಷವೇ ಅಲ್ಲ.

ಆಬ್ಜೆಕ್ಟ್ ಬಟನ್ ಬೂದಾಗಿದೆ, ಒತ್ತಲು ಆಗುವುದಿಲ್ಲ

ವರ್ಡ್‌ನಲ್ಲಾದರೆ ಡಾಕ್ಯುಮೆಂಟಿಗೆ ಬೀಗ ಬಿದ್ದಿದೆ. 2003ರಲ್ಲಿ ಟೂಲ್ಸ್ ಮೆನುವಿನಲ್ಲಿ, ಆಮೇಲಿನವುಗಳಲ್ಲಿ ರಿವ್ಯೂ ಟ್ಯಾಬ್‌ನಲ್ಲಿ ರಕ್ಷಣೆ ತೆಗೆಯುವ ದಾರಿ ಇದೆ. ಪಾಸ್‌ವರ್ಡ್ ಕೇಳಿದರೆ ಅದನ್ನು ಹಾಕಿದವರನ್ನೇ ಕೇಳಿ. 2010ರಿಂದ ಈಚೆಗೆ ಮೇಲೆ ಹಳದಿ ಪಟ್ಟಿ ಇದ್ದರೆ ಅದು ಪ್ರೊಟೆಕ್ಟೆಡ್ ವ್ಯೂ. ಫೈಲ್ ಯಾರು ಕಳಿಸಿದ್ದು ಅಂತ ಗೊತ್ತಿದ್ದರೆ ಮಾತ್ರ ಎನೇಬಲ್ ಎಡಿಟಿಂಗ್ ಒತ್ತಿ.

ಎಕ್ಸೆಲ್‌ನಲ್ಲಿ ಬೇರೆಯೇ ಒಂದು ತಮಾಷೆ ಇದೆ. ಕಂಟ್ರೋಲ್ ಜೊತೆ 6 ಒತ್ತಿದರೆ ಶೀಟಿನ ಆಬ್ಜೆಕ್ಟ್‌ಗಳೆಲ್ಲ ಅಡಗುತ್ತವೆ. ಅವು ಅಡಗಿರುವಾಗ ಚಿತ್ರ, ಚಾರ್ಟ್, ಆಬ್ಜೆಕ್ಟ್ ಬಟನ್‌ಗಳು ಬೂದಾಗುತ್ತವೆ. ಕಂಟ್ರೋಲ್ 5 ಒತ್ತಲು ಹೋಗಿ ಬೆರಳು ಪಕ್ಕಕ್ಕೆ ಜಾರಿದರೆ ಸಾಕು, ಏನಾಯಿತು ಅಂತಲೇ ತಿಳಿಯುವುದಿಲ್ಲ. ಮತ್ತೆ ಕಂಟ್ರೋಲ್ 6 ಒತ್ತಿ. 2003ರಲ್ಲಿ ಮೂರು ಸ್ಥಿತಿಗಳಿರುವುದರಿಂದ ಎರಡು ಸಲ ಒತ್ತಬೇಕಾಗಬಹುದು. ಸಾಲು ಅಥವಾ ಕಾಲಂ ಸೇರಿಸುವಾಗ "ಆಬ್ಜೆಕ್ಟ್‌ಗಳನ್ನು ಶೀಟಿನಾಚೆ ಸರಿಸಲಾಗದು" ಎಂದು ಬರುತ್ತಿದ್ದರೆ ಅದಕ್ಕೂ ಹಲವು ಸಲ ಇದೇ ಕಾರಣ.

ವರ್ಕ್‌ಬುಕ್ (ಅಂದರೆ ಎಕ್ಸೆಲ್ ಫೈಲ್) ಹಲವರು ಒಟ್ಟಿಗೆ ತಿದ್ದುವಂತೆ ಶೇರ್ಡ್ ಆಗಿದ್ದರೂ ಆಬ್ಜೆಕ್ಟ್ ಸೇರಿಸಲು ಬಿಡುವುದಿಲ್ಲ. ಮೇಲಿನ ಹೆಸರಿನ ಪಟ್ಟಿಯಲ್ಲಿ ಶೇರ್ಡ್ ಎಂದು ಇದೆಯೇ ನೋಡಿ. ಬೇರೆಯವರು ಅದರಲ್ಲಿ ಕೆಲಸ ಮಾಡುತ್ತಿದ್ದರೆ ಅವರಿಗೆ ಹೇಳದೆ ಶೇರಿಂಗ್ ತೆಗೆಯಬೇಡಿ.

ಪಟ್ಟಿಯ ಜಾಗದಲ್ಲಿ ಹೂ ಆವರಣದೊಳಗೆ ಏನೋ ಅಕ್ಷರ, ಅಥವಾ ಖಾಲಿ ಚೌಕ

ಎಂಬೆಡ್ ಅಥವಾ ಲಿಂಕ್ ಎಂದು ಶುರುವಾಗುವ, ಹೂ ಆವರಣದ ಒಳಗಿನ ಸಾಲು ಕಂಡರೆ ಗಾಬರಿ ಬೇಡ. ಏನೂ ಕೆಟ್ಟಿಲ್ಲ. ವರ್ಡ್ ಫಲಿತಾಂಶದ ಬದಲು ಫೀಲ್ಡ್ ಕೋಡ್, ಅಂದರೆ ಅಲ್ಲಿ ಏನು ತೋರಿಸಬೇಕು ಎಂದು ಬರೆದಿಟ್ಟುಕೊಂಡ ಸೂಚನೆಯನ್ನು ತೋರಿಸುತ್ತಿದೆ. ಆಲ್ಟ್ ಮತ್ತು ಎಫ್9 ಒತ್ತಿ. ಆ ಸಾಲನ್ನು ಕಸ ಅಂದುಕೊಂಡು ಡಿಲೀಟ್ ಮಾಡಿದರೆ ಮಾತ್ರ ಪಟ್ಟಿಯೂ ಹೋಗುತ್ತದೆ.

ಖಾಲಿ ಚೌಕ ಕಂಡರೆ ವರ್ಡ್ ಆಪ್ಷನ್ಸ್‌ನಲ್ಲಿ ಪಿಕ್ಚರ್ ಪ್ಲೇಸ್‌ಹೋಲ್ಡರ್ಸ್ ಟಿಕ್ ಆಗಿದೆಯೇ ನೋಡಿ. ಹಳೆಯ ಕಂಪ್ಯೂಟರುಗಳು ಬೇಗ ಓಡಲಿ ಎಂದು ಯಾರೋ ಹಾಕಿಟ್ಟ ಟಿಕ್ ಹಾಗೇ ಉಳಿದಿರುತ್ತದೆ. ಏನೂ ಕಾಣದಿದ್ದರೆ ಪ್ರಿಂಟ್ ಲೇಔಟ್ ವ್ಯೂಗೆ ಬನ್ನಿ.

ಹಳೆಯ ಫೈಲಿನ ಗಣಿತದ ಸಮೀಕರಣ ತೆರೆಯುತ್ತಿಲ್ಲ

"ಮೈಕ್ರೋಸಾಫ್ಟ್ ಈಕ್ವೇಶನ್ ಲಭ್ಯವಿಲ್ಲ, ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ" ಎಂಬ ಅರ್ಥದ ಸಂದೇಶ ಬಂದರೆ ಆ ಸಲಹೆಯನ್ನು ಪಾಲಿಸಬೇಡಿ. ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ಈಕ್ವೇಶನ್ ಎಡಿಟರ್ 3.0 ಅನ್ನು 2018ರ ಜನವರಿಯ ಸೆಕ್ಯೂರಿಟಿ ಅಪ್‌ಡೇಟ್ ಮೂಲಕ ಬೇಕೆಂದೇ ತೆಗೆದುಹಾಕಲಾಗಿದೆ. ಅದು 2000ನೇ ಇಸವಿಯಲ್ಲಿ ತಯಾರಾದ ಪ್ರೋಗ್ರಾಂ. ಸಿವಿಇ-2017-11882 ಎಂದು ಗುರುತಿಸಲಾದ ದೊಡ್ಡ ಭದ್ರತಾ ತೂತು ಅದರಲ್ಲಿ ಸಿಕ್ಕಿತು. ಒಂದು ಡಾಕ್ಯುಮೆಂಟ್ ತೆರೆದರೆ ಸಾಕು, ಮ್ಯಾಕ್ರೋ (ಫೈಲಿನೊಳಗೆ ಬರೆದಿಟ್ಟ ಪುಟ್ಟ ಪ್ರೋಗ್ರಾಂ) ಕೂಡ ಬೇಡ, ಕಳ್ಳ ಕೋಡ್ ಓಡಿಸಬಹುದಿತ್ತು. 2017ರ ನವೆಂಬರಿನಲ್ಲಿ ತೇಪೆ ಹಾಕಿದರು, ಮತ್ತೆ ಇನ್ನೊಂದು ತೂತು ಕಂಡಿತು, ಕೊನೆಗೆ ಪೂರ್ತಿ ಎತ್ತಿಬಿಟ್ಟರು.

ಆ ಹಳೆಯ ಎಡಿಟರ್ ಫೈಲನ್ನು ಎಲ್ಲಿಂದಲೋ ತಂದು ಮತ್ತೆ ಹಾಕಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಆ ತೂತನ್ನು ವರ್ಷಗಟ್ಟಲೆ ವೈರಸ್‌ನವರು ಬಳಸಿಕೊಂಡಿದ್ದಾರೆ.

ಸಮೀಕರಣ ಕಂಡರೆ ಸಾಕು, ತಿದ್ದುವುದು ಬೇಡ ಅಂದರೆ ಏನೂ ಮಾಡಬೇಕಿಲ್ಲ. ಅದರ ಚಿತ್ರ ಇದ್ದೇ ಇದೆ, ಪ್ರಿಂಟೂ ಆಗುತ್ತದೆ. ತಿದ್ದಬೇಕು ಅಂದರೆ ಎರಡು ದಾರಿ. ಮ್ಯಾತ್‌ಟೈಪ್ ಎಂಬ ಸಮೀಕರಣ ಬರೆಯುವ ಪ್ರೋಗ್ರಾಂ ಇದ್ದರೆ ಅದು ಹಳೆಯ ಸಮೀಕರಣ ತೆರೆಯುತ್ತದೆ. ಇಲ್ಲದಿದ್ದರೆ ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ಪ್ರೋಗ್ರಾಂನಲ್ಲಿ ಫೈಲಿನ ಕಾಪಿ ತೆರೆಯಿರಿ. ಅದರ ಆಪ್ಷನ್ಸ್‌ನಲ್ಲಿ ಲೋಡ್/ಸೇವ್ ಭಾಗದ ಮೈಕ್ರೋಸಾಫ್ಟ್ ಆಫೀಸ್ ಪುಟದಲ್ಲಿ ಮ್ಯಾತ್‌ಟೈಪ್ ಸಾಲಿಗೆ ಟಿಕ್ ಇದ್ದರೆ ಸಮೀಕರಣಗಳು ಅದರ ಮ್ಯಾತ್ ರೂಪಕ್ಕೆ ಬದಲಾಗಿ ಬರುತ್ತವೆ. ನಾಲ್ಕೈದೇ ಸಮೀಕರಣ ಇದ್ದರೆ ವರ್ಡ್ 2007ರಿಂದ ಬಂದಿರುವ ಹೊಸ ಈಕ್ವೇಶನ್ ಬಟನ್‌ನಲ್ಲಿ ಮತ್ತೆ ಬರೆಯುವುದೇ ಬೇಗ. ಆ ಬಟನ್ ಬೂದಾಗಿದ್ದರೆ ಫೈಲ್ ಹಳೆಯ ಡಾಕ್ ರೂಪದಲ್ಲಿದೆ. ಡಾಕ್ಸ್ ಆಗಿ ಉಳಿಸಿದರೆ ಎಚ್ಚರಗೊಳ್ಳುತ್ತದೆ.

ಬಟನ್, ಚೆಕ್ ಬಾಕ್ಸ್ ಸೇರಿಸುವಾಗ "ಆಬ್ಜೆಕ್ಟ್ ಸೇರಿಸಲಾಗದು"

ಡೆವಲಪರ್ ಟ್ಯಾಬ್‌ನ ಆಕ್ಟಿವ್‌ಎಕ್ಸ್ ಕಂಟ್ರೋಲ್‌ಗಳಿಗೆ (ಫೈಲಿನೊಳಗೆ ಹಾಕುವ ಬಟನ್, ಚೆಕ್ ಬಾಕ್ಸ್‌ನಂಥವು) ಮಾತ್ರ ಈ ಎರರ್ ಬಂದರೆ, ಅಥವಾ ನಿನ್ನೆ ತನಕ ಓಡುತ್ತಿದ್ದ ಬಟನ್ ಇಂದು ಒತ್ತಿದರೂ ಅಲುಗಾಡದಿದ್ದರೆ, ಇತ್ತೀಚೆಗೆ ಆಫೀಸ್ ಅಪ್‌ಡೇಟ್ ಆಗಿದೆಯೇ ನೆನಪಿಸಿಕೊಳ್ಳಿ. 2014ರ ಡಿಸೆಂಬರಿನ ಅಪ್‌ಡೇಟ್ ಆದಮೇಲೆ 2007, 2010, 2013 ಮೂರರಲ್ಲೂ ಇದು ದೊಡ್ಡದಾಗಿ ಕಾಣಿಸಿಕೊಂಡಿತ್ತು. ಕಾರಣ ಇಷ್ಟೇ: ಕಂಟ್ರೋಲ್‌ಗಳ ವಿವರವನ್ನು ಆಫೀಸ್ ಇಎಕ್ಸ್‌ಡಿ ಎಂಬ ಪುಟ್ಟ ಫೈಲುಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಪ್ರೋಗ್ರಾಂ ಹೊಸದಾಯಿತು, ಆ ಟಿಪ್ಪಣಿ ಹಳೆಯದೇ ಉಳಿಯಿತು, ಎರಡೂ ತಾಳೆಯಾಗಲಿಲ್ಲ.

ಪರಿಹಾರ ಕಷ್ಟದ್ದಲ್ಲ. ಆಫೀಸ್‌ನ ಎಲ್ಲ ಪ್ರೋಗ್ರಾಂ ಮುಚ್ಚಿ, ಔಟ್‌ಲುಕ್ ಕೂಡ. ವಿಂಡೋಸ್ ಕೀ ಮತ್ತು ಆರ್ ಒತ್ತಿ. ಬಂದ ಪೆಟ್ಟಿಗೆಯಲ್ಲಿ ಶೇಕಡಾ ಚಿಹ್ನೆ, ಅದಕ್ಕೆ ಅಂಟಿಕೊಂಡು ಇಂಗ್ಲಿಷಿನಲ್ಲಿ ಟೆಂಪ್, ಮತ್ತೆ ಶೇಕಡಾ ಚಿಹ್ನೆ ಬರೆದು ಎಂಟರ್ ಕೊಡಿ. ತೆರೆದ ಫೋಲ್ಡರಿನ ಮೂಲೆಯ ಹುಡುಕುವ ಜಾಗದಲ್ಲಿ ಇಎಕ್ಸ್‌ಡಿ ಎಂಬ ಎಕ್ಸ್‌ಟೆನ್ಶನ್ (ಫೈಲ್ ಹೆಸರಿನ ಕೊನೆಯ ಚುಕ್ಕೆಯ ನಂತರದ ಅಕ್ಷರಗಳು) ಹುಡುಕಿ. ಸಿಕ್ಕವನ್ನು ಡಿಲೀಟ್ ಮಾಡಿ. ಇಎಕ್ಸ್‌ಇ ಅಲ್ಲ, ಕೊನೆಯ ಅಕ್ಷರ ಡಿ, ಸರಿಯಾಗಿ ನೋಡಿ. ಮುಂದಿನ ಸಲ ಬೇಕಾದಾಗ ಆಫೀಸ್ ಅವನ್ನು ತಾನೇ ಹೊಸದಾಗಿ ಬರೆದುಕೊಳ್ಳುತ್ತದೆ.

ಇದರಿಂದ ಸರಿಹೋಗದಿದ್ದರೆ ನಿಮ್ಮ ಆಫೀಸ್ 64 ಬಿಟ್‌ನದ್ದೇ ನೋಡಿ. 2010ರಿಂದ ಅಂಥದ್ದು ಬಂದಿದೆ. ಹಳೆಯ 32 ಬಿಟ್ ಆಕ್ಟಿವ್‌ಎಕ್ಸ್ ಕಂಟ್ರೋಲ್ ಅದರಲ್ಲಿ ಓಡುವುದೇ ಇಲ್ಲ. ಏನೇ ಡಿಲೀಟ್ ಮಾಡಿದರೂ ಪ್ರಯೋಜನವಿಲ್ಲ.

ಸೇರಿದೆ, ಆದರೆ ಹಳೆಯ ಅಂಕಿ ತೋರಿಸುತ್ತದೆ. ಅಥವಾ ಮೂಲ ಫೈಲ್ ಸಿಗುತ್ತಿಲ್ಲ ಅನ್ನುತ್ತದೆ

ಸೇರಿಸುವಾಗ ಲಿಂಕ್ ಟು ಫೈಲ್ ಟಿಕ್ ಹಾಕಿದ್ದೀರಿ. ಹಾಗಾದರೆ ಡೇಟಾ ಡಾಕ್ಯುಮೆಂಟಿನೊಳಗೆ ಇಲ್ಲ, ವಿಳಾಸ ಮಾತ್ರ ಇದೆ. ಮೂಲ ಫೈಲಿನ ಹೆಸರು ಬದಲಾದರೆ, ಫೋಲ್ಡರ್ ಸರಿದರೆ, ಪೆನ್‌ಡ್ರೈವ್ ತೆಗೆದರೆ ವಿಳಾಸ ತಪ್ಪುತ್ತದೆ. 2003ರಲ್ಲಿ ಎಡಿಟ್ ಮೆನುವಿನ ಲಿಂಕ್ಸ್, 2010ರಿಂದ ಫೈಲ್, ಇನ್ಫೋ ಪುಟದ ಬಲಗಡೆ ಕೆಳಗೆ ಎಡಿಟ್ ಲಿಂಕ್ಸ್ ಟು ಫೈಲ್ಸ್. ಅಲ್ಲಿ ಚೇಂಜ್ ಸೋರ್ಸ್ ಒತ್ತಿ ಹೊಸ ಜಾಗ ತೋರಿಸಿ. ಬೇರೆಯವರಿಗೆ ಕಳಿಸುವುದಾದರೆ ಬ್ರೇಕ್ ಲಿಂಕ್ ಮಾಡಿ ಕಳಿಸಿ. ಆಮೇಲೆ ಅದು ಚಿತ್ರ ಮಾತ್ರ, ತಿದ್ದಲಾಗದು. ಅದಕ್ಕೇ ಕಾಪಿ ಇಟ್ಟುಕೊಳ್ಳಿ ಎಂದಿದ್ದು.

ಲಿಂಕ್ ಬೇಡ ಎಂದು ಪೂರ್ತಿ ಒಳಗೆ ಕೂರಿಸುವವರಿಗೂ ಒಂದು ಮಾತು. ಎಕ್ಸೆಲ್‌ನ ಹತ್ತು ಸಾಲು ಆಬ್ಜೆಕ್ಟ್ ಆಗಿ ಕೂರಿಸಿದರೆ ಒಳಗೆ ಹೋಗುವುದು ಆ ಹತ್ತು ಸಾಲಲ್ಲ, ಇಡೀ ವರ್ಕ್‌ಬುಕ್. ಪಕ್ಕದ ಶೀಟಿನಲ್ಲಿ ಎಲ್ಲರ ಸಂಬಳ ಇದ್ದರೆ ಅದೂ ಹೋಗುತ್ತದೆ. ಡಬಲ್ ಕ್ಲಿಕ್ ಮಾಡಿದವರಿಗೆಲ್ಲ ಕಾಣುತ್ತದೆ. ತೋರಿಸಲು ಮಾತ್ರ ಬೇಕಿದ್ದರೆ ಪೇಸ್ಟ್ ಸ್ಪೆಷಲ್‌ನಲ್ಲಿ ಪಿಕ್ಚರ್ ಎಂದು ಅಂಟಿಸಿ. ಉದ್ದನೆಯ ಪಟ್ಟಿ ಪುಟದ ಕೊನೆಯಲ್ಲಿ ಕತ್ತರಿಸಿದಂತೆ ಕಾಣುವ ಗೋಳಿಗೂ ಆಬ್ಜೆಕ್ಟ್ ಒಂದು ಪುಟ ದಾಟದಿರುವುದೇ ಕಾರಣ. ಅಂಥದ್ದನ್ನು ತುಂಡು ಮಾಡಿ ಸೇರಿಸಿ, ಅಥವಾ ಮಾಮೂಲಿ ಟೇಬಲ್ ಆಗಿ ಅಂಟಿಸಿ.

ಇಷ್ಟೆಲ್ಲ ಆದರೂ ಜಗ್ಗದಿದ್ದರೆ

ಕಂಟ್ರೋಲ್ ಕೀ ಒತ್ತಿ ಹಿಡಿದು ವರ್ಡ್ ತೆರೆಯಿರಿ. ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ, ಹೂಂ ಅನ್ನಿ. ಅದರಲ್ಲಿ ಸೇರಿಸಲು ಬಂದರೆ ಯಾವುದೋ ಆ್ಯಡ್-ಇನ್ (ವರ್ಡ್‌ಗೆ ಹೊರಗಿನಿಂದ ಸೇರಿಸಿದ ಹೆಚ್ಚುವರಿ ಪ್ರೋಗ್ರಾಂ) ಅಡ್ಡ ಬರುತ್ತಿದೆ. ಎಲ್ಲವನ್ನೂ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತಾ ಕಳ್ಳನನ್ನು ಹಿಡಿಯಿರಿ.

ಆಮೇಲೆ ರಿಪೇರಿ. 2003ರಲ್ಲಿ ಹೆಲ್ಪ್ ಮೆನುವಿನ ಡಿಟೆಕ್ಟ್ ಅಂಡ್ ರಿಪೇರ್, ಮುಂದಿನವುಗಳಲ್ಲಿ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆಫೀಸ್ ಆರಿಸಿ ಚೇಂಜ್, ರಿಪೇರ್. ಹಳೆಯವು ನಡುವೆ ಸಿಡಿ ಕೇಳಬಹುದು, ಹತ್ತಿರ ಇಟ್ಟುಕೊಳ್ಳಿ. ಒಂದೇ ಕಂಪ್ಯೂಟರಿನಲ್ಲಿ ಎರಡು ಆವೃತ್ತಿಯ ಆಫೀಸ್ ಇದ್ದರೆ ಯಾರನ್ನು ಕರೆಯಬೇಕು ಅನ್ನುವ ದಾಖಲೆಯೇ ಗೊಂದಲವಾಗಿರುತ್ತದೆ. ನೀವು ಬಳಸುವ ಆವೃತ್ತಿಯನ್ನು ರಿಪೇರಿ ಮಾಡಿ.

ಅಷ್ಟರೊಳಗೆ ಆಬ್ಜೆಕ್ಟಿನ ಒಳಗಿರುವ ಡೇಟಾ ತುರ್ತಾಗಿ ಬೇಕಿದ್ದರೆ ಒಂದು ಹಿಂಬಾಗಿಲಿದೆ. ಡಾಕ್ಸ್ ಫೈಲಿನ ಕಾಪಿ ಮಾಡಿ, ಹೆಸರಿನ ಕೊನೆಯ ಡಾಕ್ಸ್ ಅಳಿಸಿ ಜಿಪ್ ಎಂದು ಬರೆಯಿರಿ. ವಿಂಡೋಸ್ ಎಕ್ಸ್‌ಟೆನ್ಶನ್ ಬಚ್ಚಿಟ್ಟಿದ್ದರೆ ಮೊದಲು ಅದನ್ನು ಕಾಣುವಂತೆ ಮಾಡಿ, ಇಲ್ಲದಿದ್ದರೆ ಹೆಸರಿಗೆ ಎರಡು ಬಾಲ ಬರುತ್ತದೆ. ಜಿಪ್ ತೆರೆದರೆ ವರ್ಡ್ ಎಂಬ ಫೋಲ್ಡರ್, ಅದರೊಳಗೆ ಎಂಬೆಡಿಂಗ್ಸ್. ಕೂರಿಸಿದ ಎಕ್ಸೆಲ್ ಫೈಲ್ ಅಲ್ಲಿ ಇಡಿಯಾಗಿ ಸಿಗುತ್ತದೆ, ಹೊರಗೆ ಎಳೆದುಕೊಂಡು ತೆರೆಯಬಹುದು. ಬಿನ್ ಎಂದು ಕೊನೆಯಾಗುವ ಫೈಲುಗಳು ಹೀಗೆ ನೇರವಾಗಿ ತೆರೆಯುವುದಿಲ್ಲ.

ಎಲ್ಲಿ ಕೈ ತೆಗೆಯಬೇಕು

ಗುರುತಿಲ್ಲದವರು ಕಳಿಸಿದ ಫೈಲಿನಲ್ಲಿ "ನೋಡಲು ಇಲ್ಲಿ ಡಬಲ್ ಕ್ಲಿಕ್ ಮಾಡಿ" ಎಂದು ಐಕಾನ್ ಇದ್ದು ಅದು ತೆರೆಯದಿದ್ದರೆ, ತೆರೆಯಿಸಲು ಹೋಗಬೇಡಿ. ಆಬ್ಜೆಕ್ಟ್ ಒಳಗೆ ವೈರಸ್ ಕಟ್ಟಿ ಕಳಿಸುವುದು ಹಳೆಯ ವಿದ್ಯೆ. ಆಫೀಸ್ 2010ಕ್ಕೆ 2020ರ ಅಕ್ಟೋಬರಿನಲ್ಲಿ, 2013ಕ್ಕೆ 2023ರ ಏಪ್ರಿಲಿನಲ್ಲಿ ಬೆಂಬಲ ನಿಂತಿದೆ. ಹೊಸ ತೂತಿಗೆ ತೇಪೆ ಬರುವುದಿಲ್ಲ.

ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ) ತಿದ್ದಿ ಎಂದು ಯಾರಾದರೂ ಹೇಳಿದರೆ ಬ್ಯಾಕಪ್ ಇಲ್ಲದೆ ಮುಟ್ಟಬೇಡಿ. ಕಚೇರಿಯ ಕಂಪ್ಯೂಟರಾದರೆ ಮುಟ್ಟಲೇಬೇಡಿ. ಸಂದೇಶದಲ್ಲಿ ಪಾಲಿಸಿ ಎಂಬ ಪದ ಇದ್ದರೆ ಅಲ್ಲಿನ ಐಟಿ ವಿಭಾಗದವರೇ ಇದನ್ನು ತಡೆದಿರಬಹುದು, ಅವರನ್ನೇ ಕೇಳಬೇಕು. ಬೇರೆ ಬೇರೆ ಫೈಲುಗಳು ತಾವಾಗಿ ಕೆಡುತ್ತಿದ್ದರೆ, ಉಳಿಸುವಾಗಲೂ ಎರರ್ ಬರುತ್ತಿದ್ದರೆ ಅದು ಆಬ್ಜೆಕ್ಟಿನ ವಿಷಯವಲ್ಲ, ಹಾರ್ಡ್ ಡಿಸ್ಕ್ ಅನುಮಾನ. ಮೊದಲು ಡೇಟಾ ಬೇರೆ ಕಡೆ ಇಳಿಸಿ.

ಸಹಾಯ ಕೇಳಲು ಹೋಗುವಾಗ ಎರರ್ ಸಂದೇಶದ ಪೂರ್ತಿ ಸ್ಕ್ರೀನ್‌ಶಾಟ್, ಆಫೀಸ್ ಆವೃತ್ತಿ, 32 ಬಿಟ್ಟೋ 64 ಬಿಟ್ಟೋ, ಮತ್ತು ಖಾಲಿ ಡಾಕ್ಯುಮೆಂಟಿನ ಪರೀಕ್ಷೆಯಲ್ಲಿ ಏನಾಯಿತು ಅನ್ನುವುದನ್ನು ಬರೆದುಕೊಂಡು ಹೋಗಿ. ನೋಡುವವರು ಮೊದಲು ಕೇಳುವುದೇ ಈ ನಾಲ್ಕನ್ನು.